ಮೊದಲ ಟ್ರಕ್ ಕಂಪನಿಯನ್ನು ಭಾಗಾಕಾರ ಹಾಕಿ ಆರಿಸಿದ್ದು: ನನ್ನ ಅನುಭವ

ಅಮೆರಿಕದಲ್ಲಿ ಸಿಡಿಎಲ್ (ಭಾರಿ ವಾಣಿಜ್ಯ ವಾಹನದ ಚಾಲನಾ ಪರವಾನಗಿ) ಕೈಗೆ ಬಂದೊಡನೆ ರಿಕ್ರೂಟರ್‌ಗಳ ಕರೆ ಶುರುವಾಗುತ್ತದೆ ಎಂಬುದು ಈ ದಾರಿಯಲ್ಲಿರುವ ಎಲ್ಲರಿಗೂ ಗೊತ್ತು. ಆ ಕರೆಗಳನ್ನು ಬದಿಗಿಟ್ಟು, ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎ ಎಲ್ಲರಿಗೂ ತೆರೆದಿಟ್ಟಿರುವ ಸೇಫರ್ ಎಂಬ ಜಾಲತಾಣದ ದಾಖಲೆ ನೋಡಿ ಕಂಪನಿ ಆರಿಸುತ್ತೇನೆ ಎಂದಾಗ ಜೊತೆಗೆ ಕಲಿತವರು ನಕ್ಕರು. ಮೊದಲ ವರ್ಷ ಯಾರು ಕರೆದರೂ ಹೋಗಬೇಕು, ಆಯ್ಕೆ ಮಾಡುವ ಯೋಗ್ಯತೆ ಆಮೇಲೆ ಬರುತ್ತದೆ ಎಂಬುದು ಅವರ ವಾದ. ನಾನು ಸೇರಿದ ಕಂಪನಿಯಲ್ಲಿ ಈಗ ಒಂದು ವರ್ಷ ದಾಟಿದೆ. ನಕ್ಕವರಲ್ಲಿ ಕೆಲವರು ಮೂರನೆಯ ಕಂಪನಿಯ ಓರಿಯಂಟೇಶನ್‌ನಲ್ಲಿ ಕುಳಿತಿದ್ದಾರೆ.

ಎಲ್ಲರಂತೆ ನಾನೂ ಮೊದಲು ಓಡಿಸಿದ ಮೈಲಿಗೆ ಎಷ್ಟು ಸೆಂಟ್ ಸಂಬಳ ಎಂಬ ಪಟ್ಟಿಯನ್ನೇ ಮಾಡಿದ್ದೆ. ಅದರಿಂದ ಏನೂ ಹೊರಡಲಿಲ್ಲ. ಒಬ್ಬರು ಪ್ರಾಕ್ಟಿಕಲ್ ಮೈಲಿಗೆ (ಟ್ರಕ್ಕು ನಿಜವಾಗಿ ಹೋಗುವ ದಾರಿಯ ಲೆಕ್ಕ) ಕೊಟ್ಟರೆ ಇನ್ನೊಬ್ಬರು ಹೌಸ್‌ಹೋಲ್ಡ್ ಮೈಲಿಗೆ (ಊರಿಂದೂರಿಗೆ ಚಿಕ್ಕ ದಾರಿಯ ಲೆಕ್ಕ) ಕೊಡುತ್ತಾರೆ. ಎರಡನೆಯದರಲ್ಲಿ ನೂರು ಮೈಲಿ ಓಡಿಸಿ ಸುಮಾರು 92ಕ್ಕೋ 95ಕ್ಕೋ ಸಂಬಳ ಪಡೆಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವಾರಕ್ಕೆ ಎಷ್ಟು ಮೈಲಿ ಸಿಗುತ್ತದೆ ಎಂದು ಕೇಳಿದರೆ ಎಲ್ಲ ರಿಕ್ರೂಟರ್‌ಗಳೂ ಬಾಯಿಪಾಠ ಮಾಡಿದವರಂತೆ 2,500 ಎಂದೇ ಹೇಳುತ್ತಿದ್ದರು.

ದಾರಿ ತೋರಿಸಿದ್ದು ಸೇಫರ್‌ನಲ್ಲಿ ಯಾರೂ ಅಷ್ಟಾಗಿ ನೋಡದ ಒಂದು ಸಾಲು. ಕಂಪನಿಯ ಡಿಒಟಿ ಸಂಖ್ಯೆ (ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಹಾಕಿದರೆ ಪವರ್ ಯೂನಿಟ್‌ಗಳ (ಟ್ರಕ್ಕುಗಳ) ಸಂಖ್ಯೆ, ಚಾಲಕರ ಸಂಖ್ಯೆ ಮತ್ತು ಎಂಸಿಎಸ್-150 ಎಂಬ ನೋಂದಣಿ ಫಾರ್ಮಿನಲ್ಲಿ ಕಂಪನಿಯೇ ಬರೆದುಕೊಟ್ಟ ವಾರ್ಷಿಕ ಮೈಲಿಗಳು ಒಂದೇ ಪುಟದಲ್ಲಿ ಸಿಗುತ್ತವೆ. ಮೈಲಿಯನ್ನು ಟ್ರಕ್ಕುಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ 52ರಿಂದ ಭಾಗಿಸಿದೆ. 58 ಸೆಂಟ್ ಎಂದು ದೊಡ್ಡದಾಗಿ ಜಾಹೀರಾತು ಕೊಡುತ್ತಿದ್ದ ಕಂಪನಿಯ ಟ್ರಕ್ಕು ವಾರಕ್ಕೆ 1,500ರ ಆಸುಪಾಸಿನಲ್ಲಿತ್ತು, 50 ಸೆಂಟ್ ಕೊಡುವ ಕಂಪನಿಯದು 2,100 ದಾಟಿತ್ತು; ಅಂದರೆ ಮೊದಲನೆಯದರಲ್ಲಿ ವಾರಕ್ಕೆ 870 ಡಾಲರ್, ಎರಡನೆಯದರಲ್ಲಿ 1,050. ಈ ಲೆಕ್ಕ ಕೆಲವೊಮ್ಮೆ ಕೈಕೊಡುತ್ತದೆ. ಇಬ್ಬರು ಓಡಿಸುವ ಟೀಮ್ ಟ್ರಕ್ಕುಗಳು ಹೆಚ್ಚಿದ್ದರೆ ಅಂಕಿ ಉಬ್ಬುತ್ತದೆ, ಯಾರ್ಡ್ ಮತ್ತು ಲೋಕಲ್ ಟ್ರಕ್ಕುಗಳು ಸೇರಿದ್ದರೆ ಕುಗ್ಗುತ್ತದೆ. ಆ ಫಾರ್ಮನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕಾದ್ದರಿಂದ, ಮೈಲಿಯ ಪಕ್ಕದಲ್ಲಿರುವ ಇಸವಿ ಹಳೆಯದಾಗಿದ್ದ ಕಂಪನಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೇ ಪುಟದಲ್ಲಿ ಕಳೆದ 24 ತಿಂಗಳ ತಪಾಸಣೆಯ ಔಟ್ ಆಫ್ ಸರ್ವಿಸ್ (ದೋಷ ಕಂಡು ರಸ್ತೆಗಿಳಿಯದಂತೆ ತಡೆದ) ಪ್ರಮಾಣ ರಾಷ್ಟ್ರೀಯ ಸರಾಸರಿಯ ಜೊತೆಯಲ್ಲೇ ಇರುತ್ತದೆ. ವಾಹನದ ಸಾಲಿನಲ್ಲಿ ಸರಾಸರಿಗಿಂತ ಮೇಲಿದ್ದವರನ್ನು ಅಲ್ಲಿಗೇ ಕೈಬಿಟ್ಟೆ.

ಈ ದಾಖಲೆಯನ್ನು ತಾಳೆ ನೋಡಲು ಇನ್ನೊಂದು ಪ್ರಯೋಗ ಮಾಡಿದೆ. ಟ್ರಕ್ ಸ್ಟಾಪ್‌ಗಳಲ್ಲಿ ಆಯಾ ಕಂಪನಿಯ ಚಾಲಕರನ್ನು ಮಾತನಾಡಿಸಿ, ಅವರ ಟ್ರೇಲರಿನ ಟ್ಯಾಂಡಮ್ ಪಿನ್ನುಗಳನ್ನು (ತೂಕ ಹೊಂದಿಸಲು ಹಿಂದಿನ ಆಕ್ಸಲ್‌ಗಳನ್ನು ಸರಿಸುವಾಗ ಬಿಡಿಸುವ ಪಿನ್ನುಗಳು) ನೋಡುತ್ತಿದ್ದೆ. ಟ್ರ್ಯಾಕ್ಟರನ್ನು ತೊಳೆದು ಹೊಳಪಿಡುವುದು ಎಲ್ಲರಿಗೂ ಬರುತ್ತದೆ, ಆದರೆ ಟ್ರೇಲರಿನ ಅಡಿಗೆ ಗ್ರೀಸ್ ಹಾಕಲು ಹಣ ಖರ್ಚು ಮಾಡುವವರು ಕಡಿಮೆ. ಪಿನ್ ತುಕ್ಕು ಹಿಡಿದು, ರಿಲೀಸ್ ಹ್ಯಾಂಡಲ್ ಬಗ್ಗಿ, ಅದರ ಮೇಲೆ ಸುತ್ತಿಗೆಯ ಹೊಡೆತದ ಗುರುತುಗಳಿದ್ದರೆ, ಹಿಂದಿನ ಆಕ್ಸಲ್‌ಗಳ ತೂಕವನ್ನು 34,000 ಪೌಂಡಿನೊಳಗೆ ತರಲು ಹೊಸ ಚಾಲಕನು ಮಳೆಯಲ್ಲಿ ಒಂದು ಗಂಟೆ ಗುದ್ದಾಡಬೇಕಾಗುತ್ತದೆ. ಆ ಗಂಟೆಗೆ ಮೈಲಿಯೂ ಇಲ್ಲ, ಹಣವೂ ಇಲ್ಲ. ಶುಕ್ರವಾರ ಸಂಜೆ ಲೋಡ್ ಹಂಚುವ ಡಿಸ್ಪ್ಯಾಚ್‌ಗೆ ಕರೆ ಮಾಡಿ ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದೂ ಪರೀಕ್ಷಿಸಿದೆನಾದರೂ, ಅದರಿಂದ ಪ್ರಯೋಜನವಾಗಲಿಲ್ಲ, ಎಲ್ಲರೂ ತಡವಾಗಿಯೇ ಎತ್ತಿದರು.

ಪಟ್ಟಿಯ ಮೇಲ್ತುದಿಯಲ್ಲಿದ್ದ ಸಣ್ಣ ಕಂಪನಿಗಳು ಒಂದರ ಹಿಂದೊಂದು ನನ್ನನ್ನು ತಿರಸ್ಕರಿಸಿದವು. ವಿಮೆಯವರು ಎರಡು ವರ್ಷದ ಅನುಭವ ಕೇಳುತ್ತಾರೆ ಎಂಬುದೇ ಎಲ್ಲರ ಉತ್ತರ, ಅದರಲ್ಲಿ ಸುಳ್ಳೂ ಇರಲಿಲ್ಲ. ಅವರ ಉತ್ತರಕ್ಕಾಗಿ ಕಾದ ವಾರಗಳಲ್ಲಿ ಉಳಿತಾಯದ ಎರಡು ಸಾವಿರ ಡಾಲರಿಗಿಂತ ಹೆಚ್ಚು ಕರಗಿತು. ಕೊನೆಗೆ ಉಳಿದದ್ದು ಹೊಸಬರಿಗೆ ಟ್ರೇನರ್ ಕೊಡುವ ಮಧ್ಯಮ ಗಾತ್ರದ ಕಂಪನಿಗಳು. ಅವರನ್ನು ನಾನು ಕೇಳಿದ್ದು ಟ್ರೇನರ್‌ಗೆ ಎಷ್ಟು ವರ್ಷದ ಅನುಭವವಿದೆ, ನಾನು ಓಡಿಸುವಾಗ ಅವರು ಪಕ್ಕದ ಸೀಟಿನಲ್ಲಿರುತ್ತಾರೋ ಹಿಂದಿನ ಸ್ಲೀಪರ್ ಹಾಸಿಗೆಯಲ್ಲಿ ಮಲಗಿರುತ್ತಾರೋ ಎಂಬುದನ್ನು. ಆರು ತಿಂಗಳು ಓಡಿಸಿದವರನ್ನೇ ಟ್ರೇನರ್ ಮಾಡುವ ಕಂಪನಿಗಳಿವೆ. ಇದರ ಜೊತೆಗೆ ನಾನು ಕೇಳುತ್ತಿದ್ದ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ರಿಕ್ರೂಟರ್‌ಗಳು ಅದಕ್ಕೂ ಉತ್ತರ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಕೆಲಸಕ್ಕೆ ಸೇರಿದ್ದಕ್ಕೆ ಕೊಡುವ ಸೈನ್-ಆನ್ ಬೋನಸ್ ವರ್ಷವಿಡೀ ಕಂತುಗಳಲ್ಲಿ ಬರುವುದಾದ್ದರಿಂದ ಅದಕ್ಕೆ ನಾನು ಸೊನ್ನೆ ಬೆಲೆ ಕಟ್ಟಿದೆ. ಲೀಸ್-ಪರ್ಚೇಸ್ (ಕಂಪನಿಯ ಟ್ರಕ್ಕನ್ನು ಚಾಲಕನೇ ಕಂತಿನಲ್ಲಿ ಕೊಳ್ಳುವ ಒಪ್ಪಂದ) ಎಂಬ ಮಾತು ಬಂದೊಡನೆ ಫೋನ್ ಇಟ್ಟೆ. ಡಿಟೆನ್ಷನ್ (ಡಾಕ್‌ನಲ್ಲಿ ಕಾಯಿಸಿದ್ದಕ್ಕೆ ಕೊಡುವ ಹಣ) ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ, ಏಕೆಂದರೆ ಸ್ಲೀಪರ್ ಸ್ಪ್ಲಿಟ್ (ವಿಶ್ರಾಂತಿಯನ್ನು ಎರಡು ಭಾಗವಾಗಿ ತೆಗೆದುಕೊಳ್ಳುವುದು) ಮಾಡದ ಹೊರತು ಡಾಕ್‌ನಲ್ಲಿ ಕಾಯುವಾಗಲೂ ದಿನದ ಕೆಲಸ ಶುರುವಾದಾಗಿನಿಂದ ಎಣಿಸುವ 14 ಗಂಟೆಯ ಚಾಲನಾ ಗಡುವು ಓಡುತ್ತಲೇ ಇರುತ್ತದೆ. ಎರಡು ಗಂಟೆಯ ನಂತರ ಗಂಟೆಗೆ ಎಷ್ಟು ಎಂಬುದನ್ನೂ, ಗ್ರಾಹಕರು ಕೊಡದಿದ್ದರೂ ನನಗೆ ಕೊಡುತ್ತೀರಾ ಎಂಬುದನ್ನೂ ಇಮೇಲ್‌ನಲ್ಲಿ ಬರೆಸಿಕೊಂಡೆ. ಮೊದಲ ವರ್ಷ ಆ ಒಂದು ಬಾಬಿನಿಂದಲೇ ಸುಮಾರು 3,000 ಡಾಲರ್ ಬಂದಿದೆ. ಅದರಲ್ಲಿ ಎರಡು ಸಲ ಕೊಡಲು ತಕರಾರು ತೆಗೆದಾಗ ಆ ಇಮೇಲನ್ನೇ ಪೇರೋಲ್‌ಗೆ ಮರಳಿ ಕಳುಹಿಸಿದೆ, ಮುಂದಿನ ವಾರದ ಸೆಟಲ್‌ಮೆಂಟ್‌ನಲ್ಲಿ ಹಣ ಸೇರಿತ್ತು.