ಅಂಕ ಬಿಟ್ಟುಕೊಟ್ಟ ಮರುಕ್ಷಣ: ಬಾಸ್ಕೆಟ್‌ಬಾಲ್ ಡಿಫೆನ್ಸ್‌ನಲ್ಲಿ ನನ್ನ ಅನುಭವ

ತುಮಕೂರಿನಲ್ಲಿ ಮೊದಲು ಆಟಗಾರ್ತಿಯಾಗಿ, ಅನಂತರ ಹೆಣ್ಣುಮಕ್ಕಳ ತಂಡದ ತರಬೇತುದಾರಳಾಗಿ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲೇ ಬಹುಕಾಲ ಕಳೆದಿರುವ ನನಗೆ, ಒಬ್ಬ ಆಟಗಾರ್ತಿಯ ಮನೋಬಲ ಎಷ್ಟೆಂಬುದು ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಆಟದಲ್ಲಿ, ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ಚೆಂಡು ಕೈಗೆ ಬಂದಾಗ ಹುರುಪು ತಾನಾಗಿಯೇ ಬರುತ್ತದೆ. ಆದರೆ ಚೆಂಡು ಎದುರಾಳಿಯ ಕೈಯಲ್ಲಿದ್ದು, ನಮಗೆ ಏದುಸಿರು ಹತ್ತಿದ್ದು, ಈಗಷ್ಟೇ ಅವಳು ನಮ್ಮನ್ನು ದಾಟಿ ಬಾಸ್ಕೆಟ್ಟಿನ ಹತ್ತಿರಕ್ಕೇ ಓಡಿ ಲೇ-ಅಪ್ ಹಾಕಿ ಹೋಗಿರುವಾಗ, ಮತ್ತೆ ಮೊಣಕಾಲು ಬಾಗಿಸಿ ಅವಳೆದುರು ನಿಲ್ಲುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ಅದು ರೋಷದಿಂದ ಬರುವಂಥದ್ದಲ್ಲ, ಬುದ್ಧಿಮಾತಿನಿಂದಲೂ ಬರುವುದಿಲ್ಲ. ಕಾಲಿಗೂ ದನಿಗೂ ಸರಿಯಾದ ಅಭ್ಯಾಸ ಮಾಡಿಸಿದರೆ ಮನಸ್ಸು ಅವುಗಳ ಹಿಂದೆ ಬರುತ್ತದೆ ಎಂಬುದೇ ನಾನು ಕಂಡುಕೊಂಡದ್ದು.

ನಮ್ಮೂರಿನಲ್ಲಿ ದಮ್ಮು ಬೆಳೆಸಿಕೊಳ್ಳಬೇಕೆಂದರೆ ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲು ಹತ್ತುವುದೋ ದೇವರಾಯನದುರ್ಗದ ಏರಿನಲ್ಲಿ ಓಡುವುದೋ ಮೊದಲು ನೆನಪಿಗೆ ಬರುತ್ತದೆ. ಅದರಿಂದ ಲಾಭವಿದೆ, ನಾನೂ ಮಾಡಿಸುತ್ತೇನೆ. ಆದರೆ ಡಿಫೆನ್ಸ್‌ಗೆ ಬೇಕಾದದ್ದು ಮುಖ್ಯವಾಗಿ ಅಡ್ಡಡ್ಡ ಸರಿಯುವ ಶಕ್ತಿ. ಆದ್ದರಿಂದ 28 ಮೀಟರ್ ಉದ್ದ, 15 ಮೀಟರ್ ಅಗಲದ ಕೋರ್ಟನ್ನು ಉದ್ದಕ್ಕೆ ಎರಡಾಗಿ ಭಾಗಿಸಿ, ಒಂದೊಂದು ಭಾಗದಲ್ಲೂ ಇಬ್ಬರನ್ನು ನಿಲ್ಲಿಸಿ, ಒಬ್ಬಳು ಚೆಂಡನ್ನು ಅಂಕುಡೊಂಕಾಗಿ ಡ್ರಿಬಲ್ ಮಾಡುತ್ತಾ ಹೋಗುವಾಗ ಇನ್ನೊಬ್ಬಳು ಅವಳ ಮುಂದೆಯೇ ಸರಿಯುತ್ತಾ ಹೋಗಬೇಕೆಂಬ ಅಭ್ಯಾಸವನ್ನು ದಿನವೂ ಇಟ್ಟುಕೊಂಡೆ. ತಡೆಯುವವಳು ಕುತ್ತಿಗೆಗೆ ಒಂದು ಟವೆಲ್ ಹಾಕಿಕೊಂಡು ಅದರ ಎರಡೂ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದಿರಬೇಕು. ಕೈ ಚಾಚಲು ದಾರಿಯೇ ಇಲ್ಲದಾಗ ಕಾಲು ಸರಿಯಲೇಬೇಕಾಗುತ್ತದೆ. ನೋಟವೂ ಚೆಂಡನ್ನು ಬಿಟ್ಟು ಎದುರಾಳಿಯ ಸೊಂಟದ ಮೇಲೆ ನಿಲ್ಲುತ್ತದೆ. ಚೆಂಡು, ತಲೆ, ಭುಜ ಎಲ್ಲವೂ ಮೋಸ ಮಾಡಬಲ್ಲವು, ಸೊಂಟ ಮಾತ್ರ ಹೋಗುವ ಕಡೆಗೇ ಹೋಗುತ್ತದೆ.

ಇಲ್ಲಿ ದಣಿವಿಗೂ ಫೌಲಿಗೂ ಇರುವ ನಂಟನ್ನು ಹೇಳಬೇಕು. ಕಾಲು ಸೋತಾಗ ಕೈ ಮುಂದೆ ಹೋಗುತ್ತದೆ, ಕೈ ಮುಂದೆ ಹೋದರೆ ಸೀಟಿ ಬೀಳುತ್ತದೆ. ಐದು ಫೌಲ್ ಆದವಳು ಪಂದ್ಯದಿಂದಲೇ ಹೊರಗೆ. ಒಂದು ಕ್ವಾರ್ಟರಿನಲ್ಲಿ, ಅಂದರೆ ಪಂದ್ಯದ ಕಾಲು ಭಾಗದಲ್ಲಿ, ತಂಡದ ಫೌಲ್‌ಗಳು ನಾಲ್ಕಾದರೆ, ಅನಂತರ ಡಿಫೆನ್ಸ್‌ನಲ್ಲಿ ಮಾಡುವ ಪ್ರತಿ ಫೌಲಿಗೂ ಎದುರಾಳಿಗೆ ಯಾರೂ ತಡೆಯದಂತೆ ಬಾಸ್ಕೆಟ್ಟಿಗೆ ಎಸೆಯುವ ಎರಡು ಫ್ರೀ ಥ್ರೋ ಸಿಗುತ್ತವೆ. ಮೈಮೇಲೆ ಬೀಳುವುದನ್ನೇ ಧೈರ್ಯವೆಂದು ತಿಳಿದು ಬಂದ ಹುಡುಗಿಯರಿಗೆ ನಾನು ಮೊದಲು ತಿಳಿಸಿಕೊಡುವುದು ಈ ಲೆಕ್ಕವನ್ನು. ಹದಿಮೂರು ಸೀಸನ್‌ಗಳಲ್ಲಿ ಹನ್ನೊಂದು ಬಾರಿ ಅಮೆರಿಕದ ಎನ್‌ಬಿಎ ಲೀಗಿನ ಪ್ರಶಸ್ತಿ ಗೆದ್ದ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್, ಎದುರಾಳಿಯ ಶಾಟ್ ತಡೆದಾಗ ಚೆಂಡನ್ನು ಹೊರಗೆ ಬಡಿಯದೆ ಕೋರ್ಟಿನೊಳಗೇ ಉಳಿಸಿ ತನ್ನವರಿಗೆ ಸಿಗುವಂತೆ ಮಾಡುತ್ತಿದ್ದರು. ಹೊರಗೆ ಬಡಿದರೆ ಚಪ್ಪಾಳೆ ಸಿಗುತ್ತದೆ, ಚೆಂಡು ಮಾತ್ರ ಮತ್ತೆ ಎದುರಾಳಿಗೇ ಹೋಗುತ್ತದೆ. ನನ್ನ ಮಟ್ಟಿಗೆ ಆ ಸಂಯಮವೇ ಮನೋಬಲದ ಅತಿ ದೊಡ್ಡ ಗುರುತು.

ಎಲ್ಲಕ್ಕಿಂತ ಕಷ್ಟವಾದದ್ದು ಅಂಕ ಬಿಟ್ಟುಕೊಟ್ಟ ನಂತರದ ಎರಡು ಮೂರು ಸೆಕೆಂಡುಗಳನ್ನು ತಿದ್ದುವುದು. ಕೊರಟಗೆರೆ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ಕಾಲು ತುಂಬಾ ಚುರುಕು. ಆದರೆ ಅವಳನ್ನು ದಾಟಿ ಯಾರಾದರೂ ಬಾಸ್ಕೆಟ್ ಮಾಡಿದರೆ ಸಾಕು, ಸೊಂಟದ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು, ಮುಂದಿನ ಬಾಸ್ಕೆಟ್ ಕೂಡ ಅವಳ ಬದಿಯಿಂದಲೇ ಬರುತ್ತಿತ್ತು. ಬೇಸರ ಮಾಡಿಕೊಳ್ಳಬೇಡ ಎಂದು ಹೇಳಿ ಪ್ರಯೋಜನವಿರಲಿಲ್ಲ, ಏಕೆಂದರೆ ಬೇಸರ ಹೇಳಿದ ಮಾತು ಕೇಳುವುದಿಲ್ಲ. ಬದಲಿಗೆ ಅವಳಿಗೊಂದು ಕೆಲಸ ಒಪ್ಪಿಸಿದೆ: ಎದುರಾಳಿ ಅಂಕ ಗಳಿಸಿದ ಕೂಡಲೇ ನಮ್ಮ ಚೆಂಡನ್ನು ಗೆರೆಯಾಚೆಯಿಂದ ಒಳಗೆ ಹಾಕುವವಳು ನೀನೇ, ಚೆಂಡು ಮತ್ತೆ ಅವರ ಪಾಲಾದಾಗ, ಅರ್ಧ ಕೋರ್ಟಿನ ಗೆರೆ ತಲುಪುವುದರೊಳಗೆ, ಯಾವ ನಂಬರಿನವಳನ್ನು ಹಿಡಿಯುತ್ತೀಯೋ ಅದನ್ನು ಇಡೀ ಮೈದಾನಕ್ಕೆ ಕೇಳುವಂತೆ ಕೂಗಬೇಕು. ಮೊದಲು ದನಿ ಹೊರಡಲಿಲ್ಲ. ಕೆಲವು ವಾರಗಳಲ್ಲಿ "ಏಳು ನಂದು! ಏಳು ನಂದು!" ಎಂಬ ಕೂಗು ಕೋರ್ಟಿನಾಚೆಗೂ ಕೇಳತೊಡಗಿತು, ತಲೆ ತಗ್ಗಿಸುವುದಕ್ಕೆ ಸಮಯವೇ ಉಳಿಯಲಿಲ್ಲ.

ಈ ಕೂಗಿನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಕೋರ್ಟಿನ ಹೊರಗೆ ಹಿರಿಯ ಆಟಗಾರ್ತಿಯರನ್ನು ಅಕ್ಕ ಎಂದು ಕರೆದು ತಗ್ಗಿದ ದನಿಯಲ್ಲಿ ಮಾತಾಡುವ ಚಿಕ್ಕವರಿಗೆ, ಆಟದ ನಡುವೆ ಅವರಿಗೇ ಅಪ್ಪಣೆ ಕೊಡುವುದು ಅವಿಧೇಯತೆಯಂತೆ ತೋರುತ್ತಿತ್ತು. ಆದರೆ ಹಿಂದೆ ನಿಂತವಳಿಗೆ ಕಾಣುವ ಸ್ಕ್ರೀನ್, ಅಂದರೆ ದಾರಿಗೆ ಅಡ್ಡವಾಗಿ ನಿಂತ ಎದುರಾಳಿ, ಮುಂದೆ ನಿಂತವಳಿಗೆ ಕಾಣುವುದಿಲ್ಲ. ಹಿಂದಿನವಳು ಸುಮ್ಮನಿದ್ದರೆ ಮುಂದಿನವಳು ಹೋಗಿ ಡಿಕ್ಕಿ ಹೊಡೆಯುತ್ತಾಳೆ. ಹಿರಿಯರನ್ನೇ ಮುಂದೆ ಕರೆದು, "ಅವಳು ಕೂಗದಿದ್ದರೆ ನೀವೇ ಕೇಳಿ" ಎಂದೆ. ಅವರು ಹಾಗೆಯೇ ಮಾಡಿದರು. "ಅಕ್ಕಾ, ಬಲಕ್ಕೆ ಸ್ಕ್ರೀನ್!" ಎಂದು ತಂಡದ ಅತಿ ಕಿರಿಯವಳು ಗಂಟಲು ಬಿಚ್ಚಿ ಕೂಗಿದ ಸಂಜೆ, ನಮ್ಮ ಡಿಫೆನ್ಸ್ ಐದು ಜನ ಬೇರೆ ಬೇರೆ ಆಡುವುದನ್ನು ಬಿಟ್ಟು ಒಂದಾಯಿತು ಎಂದು ನಾನು ನಂಬುತ್ತೇನೆ.

ಅಭ್ಯಾಸದ ಕೊನೆಗೆ, ಎಲ್ಲರೂ ದಣಿದಿರುವಾಗಲೇ, ಮೂರು ತಡೆಗಳ ಆಟವನ್ನು ಇಟ್ಟೆ. ಡಿಫೆನ್ಸ್ ಮಾಡುವ ಐವರು ಸತತವಾಗಿ ಮೂರು ಬಾರಿ ಎದುರಾಳಿಗೆ ಅಂಕ ಸಿಗದಂತೆ ತಡೆದರೆ ಬಿಡುಗಡೆ. ನಡುವೆ ಒಂದು ಬಾಸ್ಕೆಟ್ ಆದರೂ ಮತ್ತೆ ಮೊದಲಿನಿಂದ. ಚೆಂಡು ಹಿಡಿದ ತಂಡಕ್ಕೆ ಶಾಟ್ ಹೊಡೆಯಲು ಇರುವ 24 ಸೆಕೆಂಡುಗಳನ್ನು ನಾನು ಗಟ್ಟಿಯಾಗಿ ಎಣಿಸುತ್ತೇನೆ, ಏಕೆಂದರೆ ಕಷ್ಟಕ್ಕೆ ಕೊನೆಯಿದೆ ಎಂದು ತಿಳಿದಾಗ ಅದನ್ನು ತಾಳುವುದು ಸುಲಭ. ಕೊನೆಯ ಸೆಕೆಂಡುಗಳಲ್ಲಿ ಗಡಿಬಿಡಿ ಎದುರಾಳಿಯದಾಗಬೇಕು. ಶಾಟ್ ತಪ್ಪಿದರೂ ಕೆಲಸ ಮುಗಿಯುವುದಿಲ್ಲ: ರಿಂಗಿಗೆ ತಾಗಿ ಬಂದ ಚೆಂಡು ಮತ್ತೆ ಅವರಿಗೇ ಸಿಕ್ಕರೆ ಇನ್ನೂ 14 ಸೆಕೆಂಡು ತಡೆಯಬೇಕು. ನಮ್ಮವರಿಗಿಂತ ಎತ್ತರದವರಿದ್ದ ಬೆಂಗಳೂರಿನ ತಂಡಗಳ ವಿರುದ್ಧ ನಮ್ಮನ್ನು ಉಳಿಸಿದ್ದು ಬಾಕ್ಸ್ ಔಟ್. ನೆಗೆಯುವ ಮೊದಲು ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ಜಾಗ ಹಿಡಿದವಳಿಗೆ ಎತ್ತರದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಅಭ್ಯಾಸದಲ್ಲಿ ನಾನು ಬೇಕೆಂದೇ ಕೆಲವೊಮ್ಮೆ ತಪ್ಪು ಫೌಲ್ ಕೊಡುತ್ತೇನೆ, ಹಾಗೆ ಮಾಡುವೆನೆಂದು ಮೊದಲೇ ಹೇಳಿಯೂ ಇರುತ್ತೇನೆ. ತಕರಾರು ಮಾಡಲು ರೆಫರಿಯ ಕಡೆ ತಿರುಗಿ ಕೈಯೆತ್ತಿದವಳು ಅಷ್ಟರಲ್ಲಿ ತನ್ನ ಎದುರಾಳಿಯನ್ನು ಕಳೆದುಕೊಂಡಿರುತ್ತಾಳೆ.

ಪಂದ್ಯದಲ್ಲಿ ಅಂಕಗಳ ಹಾಳೆಯ ಜೊತೆಗೆ ನಮ್ಮದೇ ಒಂದು ನೋಟ್‌ಬುಕ್ ಇರುತ್ತದೆ. ಯಾರ ಕೈ ತಾಗಿ ಪಾಸ್ ದಾರಿ ತಪ್ಪಿತು, ಯಾರು ಬಾಕ್ಸ್ ಔಟ್ ಮಾಡಿದರು, ಯಾರು ಸಂಗಾತಿಯ ನೆರವಿಗೆ ಓಡಿದರು ಎಂಬುದನ್ನು ಅದರಲ್ಲಿ ಗೀಟು ಹಾಕಿ ಗುರುತಿಸುತ್ತೇವೆ. ಬರೆಯುವ ಹೊಣೆ ಬೆಂಚಿನಲ್ಲಿ ಕುಳಿತ ಆಟಗಾರ್ತಿಯದು. ಕೋರ್ಟಿಗೆ ಇಳಿಯುವಾಗ ಅವಳು ಅದನ್ನು ಹೊರಬಂದವಳ ಕೈಗೆ ಕೊಟ್ಟು ಹೋಗುತ್ತಾಳೆ.