ಕಚೇರಿಯ ಗಾಳಿಯನ್ನು ಅಳೆಯುವುದು ಹೇಗೆ?

ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಭಾರ, ಕಣ್ಣುರಿ, ತೂಕಡಿಕೆ. ಮನೆ ಸೇರಿದರೆ ಎಲ್ಲವೂ ಮಾಯ. ಹೀಗಾಗುತ್ತಿದ್ದರೆ ಕಚೇರಿಯ ಗಾಳಿಯನ್ನು ಅನುಮಾನಿಸಿ. ಗೋಡೆಯ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಣಿಸಿ ಮತ್ತೆ ಬಿಡುತ್ತದೆ.

ಮೊದಲು ಇಂಗಾಲದ ಡೈಆಕ್ಸೈಡ್ ಮೀಟರ್ ತನ್ನಿ. ‘ಎನ್‌ಡಿಐಆರ್’ ಸೆನ್ಸರ್ ಇರುವುದನ್ನೇ ಕೊಳ್ಳಿ, ಅದು ಅವಕೆಂಪು ಬೆಳಕಿನಿಂದ ಈ ಅನಿಲವನ್ನೇ ಅಳೆಯುತ್ತದೆ. ಅಗ್ಗದ ಎಷ್ಟೋ ಮೀಟರ್‌ಗಳು ಈ ಅನಿಲವನ್ನು ಅಳೆಯುವುದೇ ಇಲ್ಲ. ಉಸಿರು ತಾಗದಷ್ಟು ದೂರ ನಿಂತು, ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಮೀಟರಿನ ಬಳಿ ಚಾಚಿ. ಅಂಕಿ ಸರ್ರನೆ ಜಿಗಿದರೆ ಅದು ಬೇರೆ ಆವಿಗಳಿಂದ ಬರೀ ಅಂದಾಜು ಕಟ್ಟುತ್ತಿದೆ, ಹಿಂದಿರುಗಿಸಿ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಮೀಟರನ್ನು ಕಂಪ್ಯೂಟರಿನ ಪಕ್ಕ, ಮುಖದೆದುರೇ ಇಟ್ಟರೆ ಅದು ನಿಮ್ಮ ಉಸಿರನ್ನು ಅಳೆಯುತ್ತದೆ. ಕಿಟಕಿಯ ಅಂಚಿನಲ್ಲಿಟ್ಟರೆ ಹೊರಗಿನ ಗಾಳಿಯನ್ನು, ಎಸಿಯ ಕೆಳಗಿಟ್ಟರೆ ಬೀಸುಗಾಳಿಯನ್ನು. ಕುಳಿತವರ ಮೂಗಿನ ಎತ್ತರದಲ್ಲಿ, ಎಲ್ಲರಿಂದ ಒಂದೂವರೆ ಮೀಟರಾದರೂ ದೂರದಲ್ಲಿ ಇಡಿ. ಅದಕ್ಕೂ ಮೊದಲು ತಾರಸಿಯ ಮೇಲೆ ಅರ್ಧ ಗಂಟೆ ಬಿಡಿ. ಹೊರಗಾಳಿಯಲ್ಲಿ ಈ ಅನಿಲ ಸುಮಾರು 425 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 425 ಭಾಗ) ಇರುತ್ತದೆ, ನಗರದಲ್ಲಿ ತುಸು ಹೆಚ್ಚು. ಅಲ್ಲೇ 600 ತೋರಿಸಿದರೆ ಕ್ಯಾಲಿಬ್ರೇಟ್ ಮಾಡಿಯೇ, ಅಂದರೆ ಅಂಕಿಯನ್ನು ಹೊರಗಾಳಿಗೆ ಸರಿಹೊಂದಿಸಿಯೇ, ಒಳಗೆ ತನ್ನಿ. ಒಂದು ಸಲ ನೋಡಿ ತೀರ್ಪು ಕೊಡಬೇಡಿ: ಬೆಳಿಗ್ಗೆ ಬೀಗ ತೆಗೆದಾಗ, ಹನ್ನೊಂದೂವರೆಗೆ, ಊಟವಾದ ಮೇಲೆ, ಮತ್ತು ಬಾಗಿಲು ಮುಚ್ಚಿದ ಮೀಟಿಂಗ್ ಕೋಣೆಯಲ್ಲಿ ಬರೆದುಕೊಳ್ಳಿ.

800ರ ಒಳಗಿದ್ದರೆ ನೆಮ್ಮದಿ. 1000 ದಾಟಿತೇ, ಗಾಳಿಯಾಟ ಸಾಲದು. ಈ ಮಟ್ಟದಲ್ಲಿ ಅನಿಲ ವಿಷವಲ್ಲ, ಆದರೆ ಇತರರು ಬಿಟ್ಟ ಉಸಿರು ಒಳಗೇ ಉಳಿದಿದೆ ಎಂಬುದರ ಗುರುತು ಅದು. ಶೀತಜ್ವರದ ವೈರಾಣು ಹಾಗೆಯೇ ಉಳಿಯುತ್ತದೆ. ಹೊಸ ಪ್ಲೈವುಡ್ ಮೇಜು ಬಿಡುವ, ಕ್ಯಾನ್ಸರ್‌ಕಾರಕವೆಂದು ದೃಢಪಟ್ಟಿರುವ ಫಾರ್ಮಾಲ್ಡಿಹೈಡ್ ಕೂಡ.

ಎದುರುಬದುರಿನ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಎಗ್ಸಾಸ್ಟ್ ಫ್ಯಾನ್ ಹಾಕಿಸಿ. ಲೇಸರ್ ಪ್ರಿಂಟರನ್ನು ಕೆಲಸದ ಕೋಣೆಯಿಂದ ಆಚೆ ಸಾಗಿಸಿ. ರೂಂ ಫ್ರೆಶ್ನರ್ ಬೇಡವೇ ಬೇಡ, ಅದು ರಾಸಾಯನಿಕಗಳನ್ನು ಹೆಚ್ಚಿಸುತ್ತದೆಯೇ ಹೊರತು ಏನನ್ನೂ ತೊಲಗಿಸುವುದಿಲ್ಲ. ಹೆಪಾ ಫಿಲ್ಟರಿನ ಪ್ಯೂರಿಫೈಯರ್ ರಸ್ತೆಬದಿಯ ಕಚೇರಿಯಲ್ಲಿ ದೂಳಿಗೆ ಒಳ್ಳೆಯದು, ಇಂಗಾಲದ ಡೈಆಕ್ಸೈಡಿಗೆ ಉಪಯೋಗವಿಲ್ಲ. ಓಝೋನ್ ಬಿಡುವ ಯಂತ್ರವನ್ನು ಪುಕ್ಕಟೆ ಕೊಟ್ಟರೂ ಇಡಬೇಡಿ. ಅದು ಶ್ವಾಸಕೋಶವನ್ನು ಕೆರಳಿಸುತ್ತದೆ.

ಇಡೀ ಕಟ್ಟಡಕ್ಕೆ ಒಂದೇ ಎಸಿ ವ್ಯವಸ್ಥೆ ಇದ್ದರೆ ಬರೆದಿಟ್ಟ ಅಂಕಿಗಳೊಂದಿಗೆ ನಿರ್ವಹಣೆಯವರ ಬಳಿ ಹೋಗಿ, ಹೊರಗಾಳಿಯನ್ನು ಒಳಬಿಡುವ ಕವಾಟ, ಅಂದರೆ ಡ್ಯಾಂಪರ್, ತೆರೆದಿದೆಯೇ ತೋರಿಸಿ ಎನ್ನಿ. ವಿದ್ಯುತ್ ಉಳಿಸಲೆಂದು ಅದನ್ನು ಮುಚ್ಚಿಡುವುದುಂಟು.