ಪೆನ್ಸಿಲ್ ಎಸೆಯುವ ಮಗು: ವರ್ತನಾ ವಿಶ್ಲೇಷಣೆಯ ಮೊದಲ ಪದಗಳು

'ಮಗು ಬಹಳ ಹಠಮಾರಿ.' ಈ ಮಾತಿನಲ್ಲಿ ಎಣಿಸುವಂಥದ್ದು ಏನೂ ಇಲ್ಲ. ಅನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಎಬಿಎ, ಇಂಥ ಹಣೆಪಟ್ಟಿಯನ್ನು ಪಕ್ಕಕ್ಕಿಟ್ಟೇ ಕೆಲಸ ಶುರುಮಾಡುತ್ತದೆ. 'ಪೆನ್ಸಿಲ್ಲನ್ನು ಮೇಜಿನಾಚೆ ಬೀಳುವಂತೆ ಎಸೆಯುತ್ತಾನೆ. ಕೈಜಾರಿ ಬಿದ್ದದ್ದು ಲೆಕ್ಕಕ್ಕಿಲ್ಲ' ಎಂದು ಬರೆದರೆ ಅದು ವರ್ತನೆಯ ವಿವರಣೆ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಎಣಿಸಿ ನೋಡಿ. ಒಬ್ಬರಿಗೆ 8, ಇನ್ನೊಬ್ಬರಿಗೆ 10 ಬಂದರೆ ಹೊಂದಿಕೆ ಶೇ. 80. ಅದಕ್ಕಿಂತ ಕೆಳಗಿಳಿದರೆ ತಪ್ಪು ಸಾಮಾನ್ಯವಾಗಿ ವಿವರಣೆಯಲ್ಲೇ ಇರುತ್ತದೆ.

ಗುರಿ ಬರೆಯುವಾಗ ಮನೋವಿಜ್ಞಾನಿ ಆಗ್ಡನ್ ಲಿಂಡ್ಸ್ಲಿ ಹೇಳಿದ ಒಂದು ಪರೀಕ್ಷೆ ನೆನಪಿರಲಿ: ಹೆಣ ಮಾಡಬಲ್ಲದ್ದು ವರ್ತನೆಯಲ್ಲ. 'ಎಸೆಯದಿರುವುದು', 'ಸುಮ್ಮನೆ ಕೂರುವುದು' ಎರಡೂ ಇಲ್ಲೇ ಬಿದ್ದುಹೋಗುತ್ತವೆ. 'ಬಿಡುವು ಬೇಕೆಂದು ಕೇಳುವುದು' ಪಾಸಾಗುತ್ತದೆ. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಎಂಬ ಸಂಶೋಧಕರು ಈ ಕ್ಷೇತ್ರಕ್ಕೆ ಏಳು ಲಕ್ಷಣ ಹೇಳಿದಾಗ ಮೊದಲಿಟ್ಟದ್ದು 'ಅನ್ವಯಿಕ' ಎಂಬುದನ್ನು. ಬದಲಾವಣೆ ಆ ವ್ಯಕ್ತಿಯ ಬದುಕಿಗೆ ಉಪಯೋಗಕ್ಕೆ ಬರಬೇಕು. ಮಗು ಅಲುಗಾಡದೆ ಕೂತರೆ ಲಾಭ ಹೆಚ್ಚಾಗಿ ದೊಡ್ಡವರಿಗೇ.

ಮುಂದಿನದು ಎಬಿಸಿ ದಾಖಲೆ. ಕಾಗದದಲ್ಲಿ ಮೂರು ಕಾಲಂ ಎಳೆಯಿರಿ: ಹಿಂದಿನ ಕ್ಷಣ ಏನಾಯಿತು (ಎ), ಮಗು ಏನು ಮಾಡಿತು (ಬಿ), ಮರುಕ್ಷಣ ಏನಾಯಿತು (ಸಿ). ಒಂದು ಸಾಲು ಹೀಗಿರಬಹುದು: 10:05, 'ಈ ಪುಟ ಬರಿ' ಎಂದರು, ಪೆನ್ಸಿಲ್ ಎಸೆದ, 'ಆಮೇಲೆ ಬರಿಯುವಿಯಂತೆ' ಎಂದು ಪುಸ್ತಕ ಎತ್ತಿಟ್ಟರು. 'ಕೋಪ ಬಂತು' ಎಂಬುದಕ್ಕೆ ಇಲ್ಲಿ ಕಾಲಂ ಇಲ್ಲ, ಅದು ಊಹೆ. ಆಗಿಂದಾಗಲೇ ಬರೆಯಿರಿ, ಸಂಜೆ ಕೂತು ನೆನಪಿಸಿಕೊಂಡರೆ ದೊಡ್ಡ ರಂಪಗಳಷ್ಟೇ ಉಳಿದಿರುತ್ತವೆ.

ಇಂಥ ಸಾಲುಗಳು ಹದಿನೈದು ಇಪ್ಪತ್ತಾದಾಗ ಮೂರನೇ ಕಾಲಂ ಓದಿ. ವರ್ತನೆಯಿಂದ ಮಗುವಿಗೆ ಸಿಗುತ್ತಿರುವುದೇನು? ಗಮನ, ಬೇಕಾದ ವಸ್ತು, ಬೇಡದ ಕೆಲಸದಿಂದ ಬಿಡುಗಡೆ, ಇಲ್ಲವೇ ಯಾರ ನೆರವೂ ಬೇಡದ ಸಂವೇದನೆಯ ಸುಖ. ಇದಕ್ಕೆ ವರ್ತನೆಯ ಕಾರ್ಯ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಬಿಡುಗಡೆ. ದಾಖಲೆಯಿಂದ ಸಿಗುವುದು ಸುಳಿವು ಮಾತ್ರ. ಸನ್ನಿವೇಶ ಬದಲಿಸಿ ಪರೀಕ್ಷಿಸುವುದು ತರಬೇತಾದವರ ಕೆಲಸ.

ಹೆಚ್ಚಿನವರು ಎಡವುವ ಪದ 'ಋಣಾತ್ಮಕ ಪುನರ್ಬಲನ'. ಇದು ಶಿಕ್ಷೆಯಲ್ಲ. ಪುನರ್ಬಲನ ಎಂದರೆ ವರ್ತನೆ ಮುಂದೆ ಹೆಚ್ಚುವುದು. ಶಿಕ್ಷೆ ಎಂದರೆ ಕಡಿಮೆಯಾಗುವುದು. ಧನ ಎಂದರೆ ಏನೋ ಬಂತು, ಋಣ ಎಂದರೆ ಏನೋ ಹೋಯಿತು, ಅಷ್ಟೇ. ಎಸೆದ ಕೂಡಲೇ ಪುಸ್ತಕ ಹೋಯಿತು, ಮರುದಿನ ಎಸೆತ ಹೆಚ್ಚಿತು: ಇದೇ ಋಣಾತ್ಮಕ ಪುನರ್ಬಲನ. ಇಂಥ ಮಗುವನ್ನು 'ಹೊರಗೆ ಹೋಗಿ ನಿಲ್ಲು' ಎಂದು ಗದರಿದರೂ ಅದಕ್ಕೆ ಬೇಕಾದ್ದೇ ಸಿಕ್ಕಂತಾಯಿತು. (ಪುಸ್ತಕ ಎತ್ತಿಟ್ಟ ದೊಡ್ಡವರಿಗೂ ಗಲಾಟೆ ನಿಲ್ಲುತ್ತದಲ್ಲ, ಅವರೂ ಅದೇ ಬಲೆಯಲ್ಲಿರುತ್ತಾರೆ.) ಸ್ಟಿಕ್ಕರ್ ಕೊಟ್ಟೂ ವರ್ತನೆ ಹೆಚ್ಚದಿದ್ದರೆ, ಎಷ್ಟೇ ಚೆಂದವಿದ್ದರೂ ಆ ಸ್ಟಿಕ್ಕರ್ ಪುನರ್ಬಲಕವಲ್ಲ.

ಏನನ್ನೂ ಬದಲಿಸುವ ಮುಂಚೆ ಮೂರರಿಂದ ಐದು ದಿನ ಸುಮ್ಮನೆ ಎಣಿಸಿ, ಇದು ಬೇಸ್‌ಲೈನ್. ಎಸೆತಕ್ಕೆ ಎಣಿಕೆ ಸಾಕು, ಅಳುವಿಗೆ ಅವಧಿ ಬೇಕು. ಎಷ್ಟು ಹೊತ್ತು ನೋಡಿದಿರಿ ಎಂಬುದನ್ನೂ ಬರೆಯಿರಿ: 20 ನಿಮಿಷದಲ್ಲಿ 6 ಬೇರೆ, ಒಂದು ಗಂಟೆಯಲ್ಲಿ 6 ಬೇರೆ.

ಈಗ ಬದಲಿ ವರ್ತನೆ ಕಲಿಸಿ. ಎಸೆತ ತಂದುಕೊಡುತ್ತಿದ್ದುದನ್ನೇ ಒಂದು 'ಬಿಡುವು' ಕಾರ್ಡ್ ತಂದುಕೊಡಬೇಕು. ಪುಟ ಇಟ್ಟ ಕೂಡಲೇ, ಕೈ ಪೆನ್ಸಿಲ್ಲಿಗೆ ಹೋಗುವ ಮುಂಚೆ, ಕಾರ್ಡಿನ ಕಡೆ ಬೆರಳು ತೋರಿಸಿ. ಈ ನೆರವೇ ಪ್ರಾಂಪ್ಟ್. ಮಗು ಕಾರ್ಡ್ ಕೊಟ್ಟ ತಕ್ಷಣ ಒಂದು ನಿಮಿಷ ಪುಟ ಪಕ್ಕಕ್ಕಿಡಿ. ಮೊದಮೊದಲು ಪ್ರತಿ ಸಲವೂ, ತಪ್ಪದೆ. ಆಮೇಲೆ ಬೆರಳು ತೋರಿಸುವುದನ್ನು 2 ಸೆಕೆಂಡ್, ಮತ್ತೆ 4 ಸೆಕೆಂಡ್ ತಡಮಾಡಿ. ಪ್ರಾಂಪ್ಟನ್ನು ಹೀಗೆ ಕರಗಿಸದಿದ್ದರೆ ಮಗು ಕಲಿಯುವುದು ನಿಮ್ಮ ಬೆರಳಿಗಾಗಿ ಕಾಯುವುದನ್ನು. ಕಾರ್ಡ್ ತಾನಾಗಿ ಬರತೊಡಗಿದ ಮೇಲಷ್ಟೇ 'ಒಂದು ಸಾಲು, ಆಮೇಲೆ ಬಿಡುವು' ಎಂದು ಕೆಲಸ ಏರಿಸಿ.

ಎಸೆತಕ್ಕೆ ಇನ್ನು ಬಿಡುವಿಲ್ಲ, ಪುಟ ಅಲ್ಲೇ ಇರುತ್ತದೆ. ಹಿಂದೆ ಸಿಗುತ್ತಿದ್ದ ಫಲವನ್ನು ಹೀಗೆ ನಿಲ್ಲಿಸುವುದೇ ವಿಲೋಪನ. ಆರಂಭದಲ್ಲಿ ಎಸೆತ ಒಮ್ಮೆಲೇ ಜೋರಾಗಬಹುದು. ಆ ಹೊತ್ತಿಗೆ ಸೋತು ಪುಸ್ತಕ ಎತ್ತಿಟ್ಟರೆ, ಇನ್ನೂ ಜೋರಾಗಿ ಎಸೆದರೆ ಫಲ ಸಿಗುತ್ತದೆ ಎಂದು ನೀವೇ ಕಲಿಸಿದಂತೆ. ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡುವಂತಿದ್ದರೆ ವಿಲೋಪನವನ್ನು ಸ್ವಂತವಾಗಿ ಪ್ರಯತ್ನಿಸಬೇಡಿ, ತಜ್ಞರನ್ನು ಕರೆಯಿರಿ.

ವಾರವಾದರೂ ದಿನದಿನದ ಎಣಿಕೆಯ ಗ್ರಾಫಿನ ಗೆರೆ ಇಳಿಯದಿದ್ದರೆ ಮೊದಲು ಕಾರ್ಡ್ ಕೈಗೆಟುಕುವಲ್ಲಿದೆಯೇ ನೋಡಿ. ಎಸೆಯುವುದಕ್ಕಿಂತ ಕೇಳುವುದು ಕಷ್ಟವಾದರೆ ಯಾರೂ ಕೇಳುವುದಿಲ್ಲ. ಬಳಿಕ ಪುಟವನ್ನೇ ನೋಡಿ. ಅದು ಮಗುವಿನ ಮಟ್ಟ ಮೀರಿರಬಹುದು, ಅಕ್ಷರ ಕಣ್ಣಿಗೆ ಸರಿಯಾಗಿ ಕಾಣದಿರಬಹುದು, ಪೆನ್ಸಿಲ್ ಹಿಡಿದರೆ ಬೆರಳು ನೋಯುತ್ತಿರಬಹುದು.